ನೀಲಿ ವಾಸನೆ

ಲೋಕದಿಂದ ಬಣ್ಣಗಳೆಲ್ಲ ಅಳಿಸಿಹೋದ ಮೇಲೆ ಹುಟ್ಟಿದವಳು ಹಸೀನಾ. ಕಪ್ಪು, ಬಿಳಿ, ಬೂದು ಬಿಟ್ಟು ಬೇರೇನೂ ಕಂಡವಳಲ್ಲ. ಆದರೂ ರಾಣೇಬೆನ್ನೂರಿನ ಅವಳ ಗ್ಯಾರೇಜಿನಲ್ಲಿ ‘ನೀಲಿ’ ಎಂಬ ಮಾತು ಇನ್ನೂ ಬದುಕಿತ್ತು. ಎಂಜಿನ್ ಆಯಿಲ್ ಸುಟ್ಟ ಹೊಗೆಗೆ ಅವಳ ಉಸ್ತಾದರು ಹಾಗೆನ್ನುತ್ತಿದ್ದರು. ಅವಳ ಪಾಲಿಗೆ ಅದೊಂದು ವಾಸನೆ.

ಮುದಿ ಡ್ರೈವರ್ ಗುರುಪಾದಪ್ಪ ಲಾರಿಯ ಆಕ್ಸಿಲರೇಟರ್ ಒತ್ತಿದ. ಹಸೀನಾ ಸೈಲೆನ್ಸರಿಗೆ ಮೂಗೊಡ್ಡಿದಳು.

"ನೀಲಿ," ಎಂದಳು.

"ಎಂಜಿನ್ ಹೋತೇನವಾ? ಈ ಲಾರಿನ ನನ್ನ ಅನ್ನ."

ಅವಳು ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಪೈಪು ಬಿಚ್ಚಿ ಒಳಗೆ ಬೆರಳಾಡಿಸಿದಳು. ಬೆರಳು ಆಯಿಲಿನಲ್ಲಿ ತೊಯ್ದು ಬಂತು. ಟರ್ಬೊದ ಚಕ್ರ ಹಿಡಿದರೆ ಸಡಿಲ ಹಲ್ಲಿನಂತೆ ಅಲುಗಿತು.

"ಎಂಜಿನ್ ಗಟ್ಟಿ ಐತಿ. ಟರ್ಬೊ ಸವದೈತಿ, ಆಯಿಲ್ ಅಲ್ಲಿಂದ ಸೋರಾಕತ್ತೈತಿ. ನೀಲಿ ಹಿಡಿಯೋದ್ರಾಗ ನನ್ನ ಮೂಗು ಎಂದೂ ತಪ್ಪಿಲ್ರಿ!"

ಮುದುಕ ನಿರಾಳವಾಗಿ ಉಸಿರುಬಿಟ್ಟು ಮೇಲೆ ನೋಡಿದ. "ನಾ ಸಣ್ಣಾವಿದ್ದಾಗ ಇಡೀ ಆಕಾಶನ ನೀಲಿ ಇತ್ತವಾ."

ಹಸೀನಾ ಬೆಚ್ಚಿ ತಲೆಯೆತ್ತಿದಳು. ಬೂದು ಆಕಾಶವನ್ನೊಮ್ಮೆ ಮೂಸಿದಳು. ಆಮೇಲೆ ಸ್ಪ್ಯಾನರ್ ಸೊಂಟಕ್ಕೆ ಸಿಗಿಸಿ ಎದೆಯುಬ್ಬಿಸಿದಳು.

"ಅಷ್ಟು ದೊಡ್ಡ ಲೀಕು! ಆವಾಗ ನಾ ಇರಬೇಕಿತ್ತು ನೋಡ್ರಿ."