ಅಂಚಿನ ಹೆಸರು

ಕಸದ ಬುಟ್ಟಿಗೆ ಕೈ ಹಾಕಿದ ಅತ್ತೆಗೆ ಸಿಕ್ಕಿದ್ದು ಹೆಸರೇ ಕೇಳಿರದ ಮಾತ್ರೆಯ ಖಾಲಿ ಸ್ಟ್ರಿಪ್. ರಕ್ತ ಹೆಪ್ಪುಗಟ್ಟದಿರಲೆಂದು ಗಂಡ ನುಂಗುತ್ತಿದ್ದ ಮಾತ್ರೆಯದು ಕೆಂಪು ಸ್ಟ್ರಿಪ್, ದೊಡ್ಡ ಕಂಪನಿ. ಇದು ಬೇರೆ.

"ಏನಮ್ಮಾ ಇದು?"

"ಅದೇ ಮಾತ್ರೆ ಅತ್ತೆ, ಕಂಪನಿ ಬೇರೆ ಅಷ್ಟೆ. ಜೆನೆರಿಕ್ ಅಂತಾರೆ. ಡಾಕ್ಟ್ರನ್ನ ಕೇಳಿಯೇ ತಂದೆ," ಎಂದಳು ಸೊಸೆ.

ಅದೇ ಅಂತೆ! ಆಯುಷ್ಯವೆಲ್ಲ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿದ ಹೆಂಗಸು ಆಕೆ. ಅಂಚಿನಲ್ಲಿ ಮಿಲ್ಲಿನ ಹೆಸರಿಲ್ಲದ ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆಂದು ಗಿರಾಕಿಗಳಿಗೆ ಹೇಳುತ್ತಲೇ ಬಾಳಿದವಳು. ಬೆಳ್ಳಗಿರುವುದೆಲ್ಲ ಹಾಲೇ?

ಜಗಳಕ್ಕೆ ಹೋಗಲಿಲ್ಲ. ಹೋದರೆ ಮಗ ಹೆಂಡತಿಯ ಕಡೆಗೇ. ಯಾರಿಗೂ ಹೇಳದೆ ಹಳೆಯ ಔಷಧಿ ಅಂಗಡಿಗೊಮ್ಮೆ ಹೋಗಿ ಬಂದಳು. ಬೆಳಿಗ್ಗೆ ಸೊಸೆ ಮಾತ್ರೆ ಕೊಡುವಾಗ ಬಾಗಿಲಲ್ಲಿ ನಿಂತು ದುರುಗುಟ್ಟಿ ನೋಡುವಳು. ರಾತ್ರಿಯ ಹಾಲನ್ನಂತೂ ಯಾರ ಕೈಗೂ ಬಿಡಲಿಲ್ಲ. ತಾನೇ ಕಾಯಿಸಿ, ತಾನೇ ಕಲಕಿ, ತಾನೇ ಕುಡಿಸಿದಳು.

"ಹಾಲು ಯಾಕೋ ಕಹಿ ಕಣೇ," ಎಂದ ಗಂಡ.

"ಕಣ್ಮುಚ್ಚಿ ಕುಡೀರಿ. ನೀವು ಉಳಿದ್ರೆ ಸಾಕು ನಂಗೆ."

ಕೆಲವೇ ದಿನಗಳಲ್ಲಿ ಗಂಡನ ಮೊಣಕೈಯ ಮೇಲೆ ನೀಲಿ ಕಲೆ. ಆಮೇಲೆ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಬಣ್ಣ ಬಿಟ್ಟಿತಲ್ಲ! ಅವಳಿಗೆ ಹೆದರಿಕೆಯಾಯಿತು, ಸೊಸೆಯ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ನಾಳೆ ಡಾಕ್ಟ್ರಿಗೆ ತೋರಿಸೋಣ," ಎಂದಳು ಸೊಸೆ. ನಾಳೆ ಬರುವ ಮೊದಲೇ ಮುದುಕ ಬಚ್ಚಲಲ್ಲಿ ಕುಸಿದ.

ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದರು. "ಮಿದುಳಲ್ಲಿ ರಕ್ತ ಸೋರಿದೆ. ಆಸೆ ಇಟ್ಕೋಬೇಡಿ. ಈ ಪಾಟಿ ರಕ್ತ ತೆಳುವಾಗಿದೆ ಅಂದ್ರೆ... ಏನೇನು ಕೊಡ್ತಿದ್ರಿ?"

ಸೊಸೆ ಹೊಸ ಸ್ಟ್ರಿಪ್ ಚಾಚಿದಳು. "ಇದೊಂದೇ ಸರ್. ಬೆಳಿಗ್ಗೆ ಒಂದು."

"ಅದೇ ನೋಡಿ ಅವರಿಗೆ ಈ ಗತಿ ತಂದಿದ್ದು!" ಅತ್ತೆ ಕೈಚೀಲದಿಂದ ಅರ್ಧ ಖಾಲಿಯಾದ ಕೆಂಪು ಸ್ಟ್ರಿಪ್ ತೆಗೆದು ಮೇಜಿಗೆ ಬಡಿದಳು. "ದಿನಾ ರಾತ್ರಿ ಹಾಲಲ್ಲಿ ಈ ಅಸಲಿ ಮಾತ್ರೆ ಅರೆದು ನಾನು ಕುಡಿಸದೇ ಇದ್ದಿದ್ರೆ, ಇಷ್ಟು ದಿನಾನೂ ಇರ್ತಿರ್ಲಿಲ್ಲ ಅವರು!"

ಡಾಕ್ಟರು ಎರಡೂ ಸ್ಟ್ರಿಪ್‌ಗಳನ್ನು ಜೋಡಿಸಿಟ್ಟು, ಅಂಚಿನ ಸಣ್ಣಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದರು: ಎರಡರಲ್ಲೂ ಇದ್ದದ್ದು ಒಂದೇ ಔಷಧದ ಹೆಸರು.