ನಾಲ್ಕನೆಯ ಕುದುರೆಯ ಪಕ್ಕದ ಮುಖ

ಗೋಡೆಯ ಮೇಲೆ ತನ್ನದೇ ಮುಖ ಕಂಡು ಅವಳ ಕೈಯಿಂದ ಪೊರಕೆ ಜಾರಿತು.

ಚಿತ್ರ ಬರೆಯಲು ಕಟ್ಟಿದ ಅಟ್ಟಣಿಗೆಯಿಂದ ಇಳಿಬಿಟ್ಟ ಬಟ್ಟೆಯ ಹಿಂದೆ ಧೂಳಿರಬೇಕೆಂದು ಎತ್ತಿ ನೋಡಿದ್ದಷ್ಟೇ. ಹದಿನಾರು ವರ್ಷದಿಂದ ಈ ಚರ್ಚು ಗುಡಿಸುತ್ತಿದ್ದವಳಿಗೆ ಇಲ್ಲಿನ ಗೋಡೆಯ ಬಿರುಕುಗಳೂ ಬಾಯಿಪಾಠ. ಇವತ್ತು ಗೋಡೆಯೇ ಅವಳನ್ನು ನೋಡುತ್ತಿತ್ತು. ಎಡ ಹುಬ್ಬಿನ ಮೇಲಿನ ಹಳೆಯ ಗಾಯ, ಗದ್ದದ ಮಚ್ಚೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಬೈಬಲಿನ ಕೊನೆಯಲ್ಲಿ ಬರುವ, ಲೋಕದ ಕಡೆಯ ದಿನಗಳ ದರ್ಶನವನ್ನು ಗೋಡೆ ತುಂಬ ಚಿತ್ರವಾಗಿ ಬರೆಸುವುದು ಪಾದ್ರಿಗಳ ಬಹುದಿನದ ಆಸೆ. ಪ್ರತಿ ಭಾನುವಾರ ಅದರ ಅರ್ಥ ಬಿಡಿಸಿ ಹೇಳುತ್ತಿದ್ದರು. ಬಿಳಿ ಕುದುರೆ ಎಂದರೆ ಜಯ, ಕೆಂಪು ಎಂದರೆ ಯುದ್ಧ, ಕಪ್ಪು ಎಂದರೆ ಬರಗಾಲ. ಹೆಣದ ಬಣ್ಣದ ನಾಲ್ಕನೆಯ ಕುದುರೆಯ ಸವಾರ ಮೃತ್ಯು. ಅವನ ಬೆನ್ನಿಗೇ ಪಾತಾಳ ಬರುತ್ತದೆ. "ಇವೆಲ್ಲ ಸಂಕೇತ. ಕುದುರೆ ಅಂದ್ರೆ ಕುದುರೆ ಅಲ್ಲ, ತಿಳೀತಾ?" ಎನ್ನುತ್ತಿದ್ದರು. ಜನ ತಲೆಯಾಡಿಸುತ್ತಿದ್ದರು. ಅವರ ಕಣ್ಣೆಲ್ಲ ಸವಾರರ ಮುಖದ ಮೇಲೆ.

ಏಕೆಂದರೆ ಆ ಮುಖಗಳು ಊರಿನವರದೇ. ಬಿಳಿ ಕುದುರೆಯ ಮೇಲೆ ಅಂಚೆಯವನು. ಎರಡು ತಿಂಗಳಲ್ಲಿ ತೀರಿಕೊಂಡ. ಕೆಂಪಿನ ಮೇಲೆ ಕಮ್ಮಾರ; ಬಣ್ಣ ಸರಿಯಾಗಿ ಒಣಗುವಷ್ಟರಲ್ಲಿ ಅವನೂ ಹೋದ. ತಕ್ಕಡಿ ಹಿಡಿದು ಕಪ್ಪು ಕುದುರೆ ಏರಿದ ಅಂಗಡಿಯವನು ಈಗ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಅಲ್ಲಿಂದೀಚೆಗೆ, ಇವನ್ನೆಲ್ಲ ಬರೆಯುತ್ತಿದ್ದ ಬಣ್ಣದವನನ್ನು ಕಂಡರೆ ಜನ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಕ್ಷೌರದಂಗಡಿಯವನಂತೂ ಮುಖಕ್ಕೆ ಟವೆಲು ಮುಚ್ಚಿಕೊಳ್ಳುತ್ತಿದ್ದ.

ಅವಳು ನಕ್ಕಿದ್ದಳು. ಇದರಲ್ಲಿ ಮಾಟವೂ ಇಲ್ಲ ಮಂತ್ರವೂ ಇಲ್ಲ ಎಂದು ಅವಳಿಗೊಬ್ಬಳಿಗೆ ಹೊಳೆದಿತ್ತು. ಬಣ್ಣದವನು ಕುಂಚ ಹಿಡಿಯುವುದು ಸಂಜೆಗಳಲ್ಲಿ, ರಜಾದಿನಗಳಲ್ಲಿ. ಉಳಿದಂತೆ ಅವನದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ. ಯಾರ ಒಳಗೆ ಏನಿದೆಯೆಂದು ಡಾಕ್ಟರಿಗಿಂತ ಮೊದಲು ಕಾಣುವವನು ಅವನೇ. ಮೂವರೂ ಅವನ ಮೇಜಿನ ಮೇಲೆ ಮಲಗಿ ಎದ್ದವರು. ಹೊರಟವರನ್ನು ಕುದುರೆ ಹತ್ತಿಸಿ ಕಳಿಸುತ್ತಿದ್ದಾನೆ, ಪಾಪ, ಅವನಿಗೆ ತಿಳಿದ ಮರ್ಯಾದೆ ಎಂದುಕೊಂಡು ಸುಮ್ಮನಿದ್ದಳು.

ಮೊನ್ನೆ ಗುರುವಾರ ಅದೇ ಮೇಜಿನ ಮೇಲೆ ಅವಳೂ ಮಲಗಿದ್ದಳು.

ಹೊಕ್ಕುಳ ಕೆಳಗೆ ಗಟ್ಟಿಯಾಗಿ ಏನೋ ಕೈಗೆ ಸಿಗುತ್ತಿತ್ತು. ಮೂರು ತಿಂಗಳಿಂದ ಊಟ ಕಂಡರೆ ಓಕರಿಕೆ. ಮೆಟ್ಟಿಲು ಹತ್ತಿದರೆ ಸುಸ್ತು. ನಲವತ್ತಮೂರಕ್ಕೇ ದೇಹ ಕೈಕೊಡುತ್ತಿದೆ ಎನ್ನಿಸಿತ್ತು. ಹೊಟ್ಟೆಯ ಮೇಲೆ ಓಡುತ್ತಿದ್ದ ಅವನ ಕೈ ಒಂದು ಕಡೆ ನಿಂತುಬಿಟ್ಟಿತು. ಪರದೆಯನ್ನೇ ನೋಡುತ್ತ ಕೂತ. ಅವನ ಕಣ್ಣು ಒದ್ದೆಯಾದದ್ದು ಅವಳಿಗೆ ಕಂಡಿತು.

"ಏನಿದೆ ತಮ್ಮಾ?"

"ಡಾಕ್ಟ್ರೇ ಹೇಳ್ಬೇಕು ಅಕ್ಕಾ. ನಾನು ಬಾಯಿ ಬಿಡೋ ಹಾಗಿಲ್ಲ."

ಡಾಕ್ಟರು ಬರುವುದು ಸೋಮವಾರ. ಇವತ್ತು ಶನಿವಾರ. ಗಂಡನಿಗೆ ಬರೀ ಗ್ಯಾಸು ಎಂದು ಹೇಳಿದ್ದಳು.

ಅವಳು ಮತ್ತೆ ತಲೆಯೆತ್ತಿದಳು. ಬಣ್ಣದವನ ಪದ್ಧತಿ ಅವಳಿಗೆ ಗೊತ್ತು: ಮೊದಲು ಮುಖ ಮುಗಿಸುತ್ತಾನೆ, ಮೈ ಆಮೇಲೆ. ಕುತ್ತಿಗೆಯ ಕೆಳಗೆ ಬರೀ ಸುಣ್ಣ. ಮುಖದ ಎಡಕ್ಕೇ ನಾಲ್ಕನೆಯ ಕುದುರೆ, ಬೆನ್ನು ಖಾಲಿ. ಕೆಳಗೆ, ಪಾದ ಬರುವ ಜಾಗದಲ್ಲಿ, ಇದ್ದಿಲಿನಿಂದ ಎಳೆದ ಬಾಗಿದ ಗೆರೆ. ಕುಡುಗೋಲು. ಕೈ ಬರೆಯುವ ಮೊದಲೇ ಆಯುಧ ಸಿದ್ಧ. ಬಲಕ್ಕೆ ಕೆಂಪಗೆ ಬಾಯ್ತೆರೆದ ಏನೋ ಒಂದು, ಸಾಲುಸಾಲು ಹಲ್ಲು. ಪಾತಾಳ ಬೆನ್ನಿಗೇ ಬಂದಿತ್ತು.

ಇಪ್ಪತ್ತು ವರ್ಷದಿಂದ ಇಬ್ಬರೇ ಇರುವ ಮನೆ. ಗಂಡನಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದೂ ಗೊತ್ತಿಲ್ಲ. "ನನಗೆ ಸಾಯೋಕೆ ಇಷ್ಟ ಇಲ್ಲ," ಎಂದು ಖಾಲಿ ಬೆಂಚುಗಳಿಗೆ ಕೇಳುವಂತೆ ಹೇಳಿದಳು. ಭಯದಲ್ಲಿ ಅದು ಬೇರೆ ಯಾರದೋ ದನಿಯಂತಿತ್ತು. ಮಾಟವಿಲ್ಲ ಎಂದು ನಕ್ಕಿದ್ದವಳೇ ಬಣ್ಣ ಕೆರೆಯುವ ಕರಣೆ ಹಿಡಿದು ಏಣಿ ಹತ್ತಿದಳು. ಮುಖ ಅಳಿಸಿದರೆ ಸಾವೂ ಅಳಿಸೀತು ಎನ್ನಿಸಿತ್ತು.

ಐದನೆಯ ಮೆಟ್ಟಿಲಲ್ಲಿದ್ದಾಗ ಬಾಗಿಲು ದಡಾರನೆ ತೆರೆಯಿತು.

"ಅಕ್ಕಾ! ಅಯ್ಯೋ, ಇಳಿ! ಮೆಲ್ಲಗೆ, ಮೆಲ್ಲಗೆ!"

ಬಣ್ಣದವನು ಕೈಯ ಬಕೆಟ್ಟನ್ನು ಅಲ್ಲೇ ಇಟ್ಟು ಓಡಿಬಂದು ಏಣಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ. ಚಿತ್ರ ಹಾಳಾಯಿತೇ ಎಂದು ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಾಲು ನೆಲಕ್ಕೆ ತಾಗಿದ ಮೇಲೆಯೇ ಉಸಿರುಬಿಟ್ಟ.

"ನನಗೆ ಎಲ್ಲಾ ಗೊತ್ತಾಗಿದೆ," ಎಂದಳು. "ಇನ್ನೆಷ್ಟು ತಿಂಗಳು? ಅಷ್ಟು ಹೇಳಿಬಿಡು."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೆಚ್ಚು ಅಂದ್ರೆ ಐದು. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಅನ್ಬೇಡ, ಕೆಲಸ ಹೋಗುತ್ತೆ."

ಅವಳು ಬೆಂಚಿನ ಮೇಲೆ ಕುಸಿದಳು. ಐದು ತಿಂಗಳು. "ಕುಡುಗೋಲು ಬೇರೆ ಬರೆದಿಟ್ಟಿದ್ದೀಯಲ್ಲೋ, ಪಾಪಿ!"

"ಕುಡುಗೋಲಾ?" ಅವನು ಗೋಡೆ ನೋಡಿದ, ಅವಳನ್ನು ನೋಡಿದ. ಮುಖ ಮೆಲ್ಲಗೆ ಬದಲಾಯಿತು. "ಅಕ್ಕಾ, ನಾಲ್ಕನೆಯವನಿಗೆ ಮುಖಾನೇ ಬೇಡ ಅಂದಿದ್ದಾರೆ ಫಾದರ್. ನೀನು ಅವನಲ್ಲ, ಅದೇ ದರ್ಶನದಲ್ಲಿ ಸೂರ್ಯನ್ನೇ ಹೊದ್ದು ಬರೋ ಹೆಂಗಸು. ಅದು ಕುಡುಗೋಲಲ್ಲ, ಚಂದ್ರ. ನಿನ್ನ ಕಾಲ ಕೆಳಗೆ ಚಂದ್ರ, ತಲೆ ಮೇಲೆ ಹನ್ನೆರಡು ನಕ್ಷತ್ರ."

"ಆ ಬಾಯಿ?"

"ಘಟಸರ್ಪ. ನಿನ್ನೆದುರೇ ಕಾದು ನಿಂತಿರುತ್ತೆ. ಆದ್ರೆ ಅದಕ್ಕೇನೂ ಸಿಗಲ್ಲ."

ಅವನು ಬಕೆಟ್ಟಿನ ಮುಚ್ಚಳ ತೆಗೆದ. ತುಂಬ ಹಳದಿ, ಸೂರ್ಯನ ಬಣ್ಣ. ಅಟ್ಟಣಿಗೆ ಹತ್ತಿ, ಅವಳ ಮುಖದ ಕೆಳಗಿನ ಬರೀ ಸುಣ್ಣದ ಮುಂದೆ ಕುಂಚ ಹಿಡಿದು ನಿಂತ. ಒಮ್ಮೆ ತಿರುಗಿ ನಕ್ಕ.

ಆಮೇಲೆ, ಒಂದೇ ಎಳೆತಕ್ಕೆ, ಅವಳಿಗೆ ತುಂಬು ಬಸುರಿಯ ಹೊಟ್ಟೆ ಬರೆದ.