ಹುರುಳಿ ಹಾಸಿದ ರಸ್ತೆ

ರಸ್ತೆಯ ಮೇಲೆ ಉದ್ದಕ್ಕೂ ಹಾಸಿದ್ದ ಹುರುಳಿ ಕಂಡದ್ದೇ ತಡ, ಅಂಜನ್ ಬ್ರೇಕ್ ಒತ್ತಿದ. ಹೋದ ವರ್ಷವಾಗಿದ್ದರೆ ಗೇರ್ ಇಳಿಸಿ ಸೀದಾ ಅದರ ಮೇಲೇ ಹತ್ತಿಸುತ್ತಿದ್ದ. ಗಾಲಿಗೆ ಸಿಕ್ಕಿ ಕಾಯಿ ಬಿರಿದು ಕಾಳು ಬೇರೆಯಾಗಲಿ ಎಂದೇ ಅಲ್ಲವೇ ಹಾಸಿರುವುದು! ಇವತ್ತು ಮಾತ್ರ ಧೈರ್ಯ ಬರಲಿಲ್ಲ. ಕಾರಿನ ಜೊತೆ ಕಂಪನಿಯಿಂದಲೇ ಬಂದಿದ್ದ, ಎಂಜಿನ್ನಿನ ಗಾಳಿ ಸೋಸುವ ಏರ್ ಫಿಲ್ಟರ್ ಡಬ್ಬಿಯನ್ನು ಬಿಚ್ಚಿಸಿ, ಕೆಂಪು ಬಣ್ಣದ ತೆರೆದ ಫಿಲ್ಟರೊಂದನ್ನು ಬೆಳಿಗ್ಗೆಯಷ್ಟೇ ಚಳ್ಳಕೆರೆಯಲ್ಲಿ ಹಾಕಿಸಿಕೊಂಡಿದ್ದ. ಬಾಡಿಗೆ ಓಡಿಸುವ ಆ ಪುಟ್ಟ ಕಾರು ಈಗ ಲಾರಿಯಂತೆ ಗುಡುಗುತ್ತಿತ್ತು. ಪರಶುರಾಂಪುರದ ದಾರಿಯುದ್ದಕ್ಕೂ ಕುರಿಗಳು ಬೆದರಿ ಚದುರಿದ್ದವು. ಇವನು ಮೀಸೆಯಲ್ಲೇ ನಕ್ಕಿದ್ದ.

ಹುರುಳಿಯ ಒಡತಿ ದುರುಗಕ್ಕ ಕೋಲು ಹಿಡಿದೇ ಓಡಿ ಬಂದಳು.

“ದ್ಯಾವ್ರು ಬಂದಂಗೆ ಬಂದೆ ಕಣಪ್ಪಾ ಅಂಜನಾ! ಟ್ರ್ಯಾಕ್ಟರ್‌ನೋನು ಬರ್ತೀನಿ ಅಂದು ಕೈ ಕೊಟ್ಟ. ಬೆಳಗ್ಗಿಂದ ಒಂದೇ ಒಂದು ಬಸ್ಸು ಹೋಗೈತೆ. ಮೋಡ ನೋಡು, ಹೆಂಗೆ ಕವುಚ್ಕೊಂಡೈತೆ. ಹೋದ ವರ್ಸದಂಗೆ ಒಂದತ್ತು ಸುತ್ತು ಹೊಡ್ಕೊಡಪ್ಪಾ.”

“ಈ ಕಾರಲ್ಲಿ ಈಗ ಆಗಲ್ಲ ದುರುಗಕ್ಕ.”

“ಯಾಕಪ್ಪಾ, ಕೆಟ್ಟೈತಾ? ಅದಕ್ಕೇ ಏನು, ಆಪಾಟಿ ಅರಚ್ತಿತ್ತು?”

ಅಂಜನ್ ಬಾನೆಟ್ ಎತ್ತಿ ತೋರಿಸಿದ. “ಕೆಟ್ಟಿಲ್ಲ. ಇದು ಹೊಸ ಫಿಲ್ಟರು. ಡಬ್ಬಿ ಇಲ್ಲ, ಬಯಲಾಗೇ ಗಾಳಿ ಎಳ್ಕೊಂತೈತೆ. ಗಾಡಿ ಜೋರು ಬರ್ತೈತೆ. ಆದ್ರೆ ಈ ಹೊಟ್ಟಿನಾಗೆ ಸುತ್ತಿದ್ರೆ ಧೂಳೆಲ್ಲ ಇದಕ್ಕೇ ಮೆತ್ಕೊಂತೈತೆ. ಒಳಕ್ಕೆ ಹೋಯ್ತು ಅಂದ್ರೆ ಎಂಜಿನ್ನೇ ಸವೀತೈತೆ.”

ದುರುಗಕ್ಕ ವಾದಕ್ಕೆ ನಿಲ್ಲಲಿಲ್ಲ. “ಹಂಗಾದ್ರೆ ಬ್ಯಾಡ ಬಿಡು. ಅನ್ನ ಕೊಡೋ ಗಾಡಿ ನಿಂದು,” ಎಂದು ವಾಪಸು ಹೋಗಿ ಕೋಲಿನಿಂದ ಬಡಿಯತೊಡಗಿದಳು. ಮನೆಮಂದಿಯ ಒಂದು ವರ್ಷದ ಸಾರು, ಮುಂದಿನ ಬಿತ್ತನೆಯ ಬೀಜ, ಎಲ್ಲವೂ ಆ ರಸ್ತೆಯ ಮೇಲಿತ್ತು. ಅಷ್ಟಕ್ಕೂ ಸೇರಿ ಇದ್ದದ್ದು ಅವಳೊಬ್ಬಳ ಕೈ, ಒಂದು ಕೋಲು. ದೂರದಲ್ಲಿ ಗುಡುಗಿತು.

ಅಂಜನ್ ಕಾರು ಹತ್ತಿ ಕೂತ. ಕೀಲಿ ತಿರುಗಿಸಲು ಕೈ ಬರಲಿಲ್ಲ. ಅವನ ಅವ್ವ ತೀರಿಕೊಂಡ ವರ್ಷ, ಮನೆಯಲ್ಲಿ ಒಲೆ ಹಚ್ಚುವವರಿಲ್ಲದಾಗ, ಮೂರು ತಿಂಗಳು ಮುದ್ದೆ, ಹುರುಳಿ ಸಾರು ತಂದುಕೊಟ್ಟವಳು ಇವಳೇ. ಅದನ್ನು ಒಂದು ದಿನವೂ ಎತ್ತಿ ಆಡಿದವಳಲ್ಲ. ಈಗ, ಆಡಿದ್ದರೆ ಕೆಲಸವಾಗುತ್ತಿದ್ದ ಹೊತ್ತಿನಲ್ಲೂ ಆಡಲಿಲ್ಲ. ಎರಡು ಮಾತು ಬೈದಿದ್ದರೂ ಹೊರಟುಬಿಡುತ್ತಿದ್ದನೇನೋ.

ಇಳಿದು ಡಿಕ್ಕಿ ತೆರೆದ. ಬೆಳಿಗ್ಗೆ ಬಿಚ್ಚಿದ ಹಳೆ ಡಬ್ಬಿಯನ್ನು ಮೆಕಾನಿಕ್ ಡಿಕ್ಕಿಯೊಳಗೇ ಎಸೆದಿದ್ದ.

“ಇಪ್ಪತ್ತು ನಿಮಿಷ ಕೊಡು ದುರುಗಕ್ಕ. ಸೆರಗು ಹಿಡಿ ಇಲ್ಲಿ.”

ಒಂದೊಂದೇ ಬೋಲ್ಟ್ ಬಿಚ್ಚಿ ಅವಳ ಸೆರಗಿಗೆ ಹಾಕಿದ. ಅವಳು ಅದನ್ನು ಬಂಗಾರದ ಗುಂಡಿನಂತೆ ಗಂಟು ಹಿಡಿದು ನಿಂತಳು. ಕೆಂಪು ಫಿಲ್ಟರ್ ಪೈಪಿನ ಸಮೇತ ಕಳಚಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿತು. ಹಳೆ ಡಬ್ಬಿಯ ಮುಚ್ಚಳ ತೆಗೆದರೆ, ಫಿಲ್ಟರಿನ ಮಡಿಕೆ ಮಡಿಕೆಯಲ್ಲೂ ಕಳೆದ ಸುಗ್ಗಿಯ ಹೊಟ್ಟು, ಕೆಮ್ಮಣ್ಣು. ಟೈರಿಗೆ ಬಡಿದು ಉದುರಿಸಿದ. ಡಬ್ಬಿ ಎಂಜಿನ್ನಿಗೆ ಸೇರುವ ಬಾಯಿಯೊಳಗೆ ಬೆರಳಾಡಿಸಿ ನೋಡಿದ. ಬೆರಳಿಗೆ ಚೂರೂ ಮಣ್ಣು ಹತ್ತಲಿಲ್ಲ. ಊರ ಧೂಳನ್ನೆಲ್ಲ ತಾನೇ ತಿಂದುಕೊಂಡು ಎಂಜಿನ್ನನ್ನು ಕಾಪಾಡಿದ್ದ ಆ ಕಪ್ಪು ಡಬ್ಬಿಗೆ ಬೆಳಿಗ್ಗೆ ತಾನು ‘ದರಿದ್ರದ್ದು’ ಎಂದದ್ದು ನೆನಪಾಗಿ ಅಂಜನ್‌ಗೆ ನಾಚಿಕೆಯಾಯಿತು.

ಡಬ್ಬಿ ಮತ್ತೆ ತನ್ನ ಜಾಗಕ್ಕೆ ಕೂತ ಮೇಲೆ ಕಾರು ಸದ್ದಿಲ್ಲದೆ ಹುರುಳಿ ಹತ್ತಿತು. ಹೋಗುವುದು, ತಿರುಗಿಸುವುದು, ಬರುವುದು. ಎರಡು ಸುತ್ತಿಗೊಮ್ಮೆ ದುರುಗಕ್ಕ ಅಡ್ಡ ನಿಂತು ನಿಲ್ಲಿಸುವಳು. ಬಗ್ಗಿ, ತಳಕ್ಕೆ ಸಿಕ್ಕಿಕೊಂಡ ಬಳ್ಳಿಯನ್ನೆಲ್ಲ ಎಳೆದು ಹಾಕುವಳು. “ಕಾದ ಪೈಪಿಗೆ ತಗುಲಿ ಬೆಂಕಿ ಗಿಂಕಿ ಹತ್ತೀತು, ತಾಳಪ್ಪಾ” ಎಂದು ಕಾರಿನ ಮೈ ಸವರುವಳು. ಹತ್ತು ಸುತ್ತು ಹದಿನಾರಾಯಿತು. ಕಾಳು ಉದುರಿ ರಸ್ತೆಯೆಲ್ಲ ಕಂದು ಬಣ್ಣವಾಯಿತು. ಇಬ್ಬರೂ ಸೇರಿ ಮೇಲಿನ ಬಳ್ಳಿ ಎತ್ತಿ ಎಸೆದರು, ಕಾಳನ್ನು ಹೊಟ್ಟಿನ ಸಮೇತ ಗುಡಿಸಿ ಚೀಲಕ್ಕೆ ತುಂಬಿದರು. ಡಿಕ್ಕಿಯಲ್ಲಿ ಮೂರು ಚೀಲ, ಹಿಂದಿನ ಸೀಟಿನಲ್ಲಿ ನಾಲ್ಕು. ಕೊನೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ದುರುಗಕ್ಕ ಮುಂದೆ ಕೂತು ಬಾಗಿಲು ಎಳೆದುಕೊಂಡಳೋ ಇಲ್ಲವೋ, ಮಳೆ ದಬದಬ ಸುರಿಯಿತು.

ಅವಳ ಕಣ್ಣು ತುಂಬಿತ್ತು. ಮಣ್ಣು ಮೆತ್ತಿದ ಕೈಯನ್ನು ಅವನ ತಲೆಯ ಮೇಲಿಟ್ಟಳು.

“ನಿನ್ನ ರುಣ ಹೆಂಗೆ ತೀರ್ಸ್ಲಿ ಮಗಾ?”

“ನಂದೇ ಇನ್ನೂ ತೀರಿಲ್ಲ ದುರುಗಕ್ಕ. ಮೂರು ತಿಂಗ್ಳು ಉಂಡೀನಿ, ಹದಿನಾರು ಸುತ್ತು ಯಾತಕ್ಕೆ ಸಾಲ್ತೈತೆ?” ಅಂಜನ್ ಮುಂದಕ್ಕೆ ಬಾಗಿದ. ಮಬ್ಬು ಕವಿದ ಗಾಜು ಒರೆಸಿದ.

ಒರೆಸಿದ ಗಾಜಿನಾಚೆ ನೋಡಿದ ದುರುಗಕ್ಕ ಎದೆಗೆ ಕೈಯಿಟ್ಟುಕೊಂಡಳು. “ಅಯ್ಯೋ ಶಿವನೇ! ನಿನ್ನ ಹೊಸ ಸಾಮಾನು ಕಲ್ಲಿನ ಮ್ಯಾಲೇ ಬಿಟ್ಟೆವಲ್ಲೋ. ನೆನೀತೈತೆ ನೋಡು!”

ಅಂಜನ್ ಅತ್ತ ತಿರುಗಿಯೂ ನೋಡಲಿಲ್ಲ.

“ನೆನೀಲಿ ಬಿಡು ದುರುಗಕ್ಕ. ಅದೇನು ಮೊಳಕೆ ಒಡೆಯಲ್ಲ.”